ಹಳೆ ಕಾರು ನಿಮ್ಮ ಅಂಗಳದಲ್ಲಿ, ಆರ್‌ಸಿ ಯಾರ ಹೆಸರಲ್ಲಿ?

ಹಳೆ ಕಾರು ಕೊಂಡು ಕೈಸುಟ್ಟುಕೊಂಡವರು ವಕೀಲರ ಬಳಿಗೆ ಬರುವಾಗ ಕೈಯಲ್ಲೊಂದು ಪ್ಲಾಸ್ಟಿಕ್ ಫೈಲು ಇರುತ್ತದೆ. ಅದರೊಳಗಿನ ಸಾಮಾನು ಎಲ್ಲರದ್ದೂ ಹೆಚ್ಚುಕಡಿಮೆ ಒಂದೇ: ಆರ್‌ಸಿಯ ಜೆರಾಕ್ಸ್, ಸ್ಟ್ಯಾಂಪ್ ಪೇಪರಿನಲ್ಲಿ ಬರೆದ ಅಗ್ರಿಮೆಂಟು, ಅವಧಿ ಮುಗಿಯಲು ಬಂದ ಇನ್ಶೂರೆನ್ಸು, ಮತ್ತೆ ಕೆಳಗೆ ಸಹಿ ಮಾತ್ರ ಇದ್ದು ಮೇಲೆಲ್ಲ ಖಾಲಿ ಇರುವ ಎರಡು ಫಾರ್ಮುಗಳು. ಬ್ರೋಕರ್ ಹೇಳಿದ್ದೂ ಒಂದೇ ಮಾತು: “ಎಲ್ಲ ಕ್ಲಿಯರ್ ಉಂಟು ಮಾರಾಯರೇ, ನೀವು ಓಡಿಸಿ. ಹೆಸರು ಯಾವಾಗ ಬೇಕಾದರೂ ಮಾಡಬಹುದು.”

ಈ ‘ಯಾವಾಗ ಬೇಕಾದರೂ’ ಎಂಬ ಮಾತಿನಿಂದ ಜನ ಕಳೆದುಕೊಂಡಷ್ಟು ದುಡ್ಡನ್ನು ಕೆಟ್ಟ ಎಂಜಿನಿನಿಂದ ಕಳೆದುಕೊಂಡಿಲ್ಲ.

ಹಳೆ ಸ್ಪೋರ್ಟಿ ಗಾಡಿಯ ಮರುಳು ನಮ್ಮ ಕಾಸರಗೋಡು ಜಿಲ್ಲೆಯ ಸೀತಾಂಗೋಳಿ, ಪುತ್ತಿಗೆ, ಬದಿಯಡ್ಕ ಕಡೆಯ ಹುಡುಗರಿಗೂ ಇದೆ. ನಿಜವಾದ ಸ್ಪೋರ್ಟ್ಸ್ ಕಾರು ನಮ್ಮ ದೇಶದಲ್ಲಿ ತಯಾರಾದದ್ದೇ ಕಡಿಮೆ. ಗೋವಾದಲ್ಲಿ ತಯಾರಾದ ಎರಡು ಸೀಟಿನ ಸ್ಯಾನ್ ಸ್ಟಾರ್ಮ್ ಅಂಥದ್ದೊಂದು. ಅದು ಕಣ್ಣಿಗೆ ಬೀಳುವುದೇ ಅಪರೂಪ. ಹಾಗಾಗಿ ಕಣ್ಣು ಹೋಗುವುದು 1984ರಿಂದ 2002ರವರೆಗೆ ಬಂದ ಕಾಂಟೆಸ್ಸಾದ ಮೇಲೆ, 2000ದ ಆಸುಪಾಸಿನ ಹೋಂಡಾ ಸಿಟಿ ವಿಟೆಕ್ ಮೇಲೆ, ಫಿಯೆಟ್ ಪಾಲಿಯೊ 1.6ರ ಮೇಲೆ. ಅದೂ ಆದಿತ್ಯವಾರ ಹೊರಗೆ ತೆಗೆದು ಒರೆಸಿಡಲಿಕ್ಕಲ್ಲ. ಕಿನ್‌ಫ್ರಾ ಪಾರ್ಕಿಗೋ ಎಚ್‌ಎಎಲ್‌ಗೋ ಕಾಸರಗೋಡಿಗೋ ದಿನಾ ಹೋಗಿಬರಲಿಕ್ಕೆ. ಕಾನೂನು ಇದಕ್ಕೆ ಅಡ್ಡ ಬರುವುದಿಲ್ಲ. ಖಾಸಗಿ ಕಾರಿನ ಆರ್‌ಸಿ 15 ವರ್ಷಕ್ಕೆ ಮುಗಿಯುತ್ತದೆ. ತಪಾಸಣೆಯಲ್ಲಿ ಪಾಸಾದರೆ ಮತ್ತೆ ಐದೈದು ವರ್ಷಕ್ಕೆ ನವೀಕರಿಸಬಹುದು. ಕಾರಿಗೆ ವಯಸ್ಸಾದದ್ದು ತೊಂದರೆಯಲ್ಲ. ಅದರ ಕಾಗದದಲ್ಲಿರುವ ಮನುಷ್ಯನಿಗೆ ವಯಸ್ಸಾದದ್ದು ತೊಂದರೆ.

ಖಾಲಿ ಫಾರ್ಮಿನ ಹೊಂಡ

ನಮ್ಮಲ್ಲಿಗೆ ಬರುವ ಹಳೆ ಗಾಡಿಗಳಲ್ಲಿ ಗಡಿಯಾಚೆಯ ಕರ್ನಾಟಕದ ಕೆಎ-19, ಕೆಎ-20, ಕೆಎ-21 ನಂಬರಿನವು ಬೇಕಾದಷ್ಟು. ಮೊದಲ ಯಜಮಾನ ಮಾರಿದಾಗ ಹೆಸರು ಬದಲಾವಣೆಯ ಫಾರ್ಮ್ 29 ಮತ್ತು 30ಕ್ಕೆ ಸಹಿ ಹಾಕಿ ಕೊಟ್ಟಿರುತ್ತಾನೆ. ಕೊಂಡವನು ಹೆಸರು ಬದಲಿಸದೆ ಎರಡು ವರ್ಷ ಓಡಿಸಿ ಇನ್ನೊಬ್ಬನಿಗೆ ಮಾರುತ್ತಾನೆ. ಅವನು ಮತ್ತೊಬ್ಬನಿಗೆ. ಗಾಡಿ ನಾಲ್ಕು ಕೈ ದಾಟಿದರೂ ಆರ್‌ಸಿಯಲ್ಲಿ ಹೆಸರು ಮೊದಲಿನವನದ್ದೇ. ಖಾಲಿ ಫಾರ್ಮು ಮಾತ್ರ ಡ್ಯಾಶ್‌ಬೋರ್ಡಿನೊಳಗೆ ಗಾಡಿಯ ಜೊತೆಗೇ ಪ್ರಯಾಣ ಮಾಡುತ್ತದೆ.

ನನ್ನ ಕಕ್ಷಿದಾರರೊಬ್ಬರು ತಂದ ಫಾರ್ಮು ನೋಡಿ. ಸಹಿ ನೀಲಿ ಶಾಯಿಯದ್ದು, ಮಾಸಿ ಹೋಗಿದೆ. ಕೊಂಡವರ ಹೆಸರು, ವಿಳಾಸ, ತಾರೀಕು ಹೊಸ ಕಪ್ಪು ಪೆನ್ನಿನದ್ದು. ಕಾಗದದ ಮಡಿಕೆ ಸವೆದು ಸಹಿಯ ಅಕ್ಷರವೇ ಎರಡು ತುಂಡಾಗಿದೆ, ಆದರೆ ಮಡಿಕೆಯ ಮೇಲೆ ಹಾದುಹೋದ ಕಪ್ಪು ಅಕ್ಷರ ಒಂದಿಷ್ಟೂ ಸವೆದಿಲ್ಲ. ವಿಚಾರಿಸಿದಾಗ ತಿಳಿಯಿತು: ಫಾರ್ಮಿನಲ್ಲಿರುವ ತಾರೀಕಿಗೆ ಎಷ್ಟೋ ಮೊದಲೇ ಸಹಿ ಹಾಕಿದವರು ತೀರಿಹೋಗಿದ್ದರು. ಸಹಿ ಅಸಲಿಯೇ. ಆದರೂ ಆ ಫಾರ್ಮಿಗೆ ಬೆಲೆಯಿಲ್ಲ. ಸತ್ತ ಮೇಲೆ ಯಾರೂ ಕಾರು ಮಾರಲಾರರು. ತಾರೀಕು ತುಂಬಿದವನು ಮಾಡಿದ ಕೆಲಸಕ್ಕೆ ಕಾನೂನಿನಲ್ಲಿ ಬೇರೆಯೇ ಹೆಸರಿದೆ.

ಮೊದಲಾದರೆ ಏಜೆಂಟರು ಇಂಥದ್ದನ್ನು ಹೇಗೋ ದಾಟಿಸುತ್ತಿದ್ದರು. ಈಗ ಹೆಸರು ಬದಲಾವಣೆಯ ಅರ್ಜಿ ಹೋಗುವುದು ಪರಿವಾಹನ್ ಪೋರ್ಟಲಿನಲ್ಲಿ. ಒಟಿಪಿ ಹೋಗುವುದು ಆರ್‌ಸಿ ಯಜಮಾನನ ಮೊಬೈಲಿಗೆ. ಸತ್ತವರ ಸಿಮ್ಮಿಗೆ ಬರುವ ಒಟಿಪಿ ಓದಿ ಹೇಳುವವರು ಯಾರು?

ಹೆಸರು ಬದಲಾಗದಿದ್ದರೆ ಏನಂತೆ, ಗಾಡಿ ನನ್ನ ಕೈಯಲ್ಲಿದೆಯಲ್ಲ ಎನ್ನುವವರಿಗೆ ಇನ್ಶೂರೆನ್ಸಿನ ವಿಷಯ ಹೇಳಬೇಕು. ನಿಮ್ಮ ಗಾಡಿ ಬೇರೆಯವರಿಗೆ ಗುದ್ದಿದರೆ ಥರ್ಡ್ ಪಾರ್ಟಿ ರಕ್ಷಣೆ ಗಾಡಿಯ ಜೊತೆಗೇ ಬರುತ್ತದೆ. ನಿಮ್ಮದೇ ಗಾಡಿ ಜಖಂ ಆದರೆ ಅಥವಾ ಕಳವಾದರೆ ಬರುವುದಿಲ್ಲ. ಸುಪ್ರೀಂ ಕೋರ್ಟ್ ಇದನ್ನು 1995ರಲ್ಲೇ ಹೇಳಿದೆ. ಪಾಲಿಸಿ ನಿಮ್ಮ ಹೆಸರಲ್ಲಿಲ್ಲ, ಹಾಗಾಗಿ ನಿಮಗೆ ಕೊಡುವುದಿಲ್ಲ. ಹಳೆ ಯಜಮಾನ ಗಾಡಿ ಮಾರಿಯಾಗಿದೆ, ಹಾಗಾಗಿ ಅವನಿಗೂ ಕೊಡುವುದಿಲ್ಲ. ಕಂಪೆನಿ ಪ್ರೀಮಿಯಂ ಮಾತ್ರ ನಗುನಗುತ್ತಾ ತೆಗೆದುಕೊಂಡಿರುತ್ತದೆ.

ಮಾರುವವರೂ ಕೇಳಿ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಕಾನೂನಿನ ಕಣ್ಣಿಗೆ ಅವನೇ ಯಜಮಾನ, ಎಷ್ಟು ಕೈ ದಾಟಿದ್ದರೂ ಅಪಘಾತ ಪರಿಹಾರದ ಹೊಣೆ ಅವನದ್ದೇ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಖಾಲಿ ಫಾರ್ಮಿಗೆ ಸಹಿ ಹಾಕಿಕೊಟ್ಟು ಕೈತೊಳೆದುಕೊಂಡೆ ಎಂದು ತಿಳಿಯಬೇಡಿ.

ಆದ್ದರಿಂದ ಈ ಲೇಖನದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದು: ಆರ್‌ಸಿಯಲ್ಲಿ ಹೆಸರಿರುವ ಮನುಷ್ಯನನ್ನು ಕಣ್ಣಾರೆ ಕಂಡು ಮಾತಾಡದೆ ಅಡ್ವಾನ್ಸ್ ಕೊಡಬೇಡಿ. ಅವರು ಗಲ್ಫಿನಲ್ಲಿದ್ದಾರೆ, ಬೆಂಗಳೂರಿನಲ್ಲಿದ್ದಾರೆ, ಹುಷಾರಿಲ್ಲ ಎಂದು ಬ್ರೋಕರ್ ಹೇಳಿದರೆ ವೀಡಿಯೊ ಕಾಲ್ ಮಾಡಿಸಿ. ಅದಕ್ಕೂ ಕುಂಟುನೆಪ ಹೇಳಿದರೆ ಎದ್ದು ಬನ್ನಿ.

ಕ್ರಮವಾಗಿ ಹೇಳುವುದಾದರೆ

ಒಂದು: ಎಂ-ಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ ಆರ್‌ಸಿ ಎಲ್ಲಿಯವರೆಗೆ ಇದೆ, ಸಾಲ ಇದೆಯೇ, ಗಾಡಿ ಬ್ಲ್ಯಾಕ್‌ಲಿಸ್ಟ್ ಆಗಿದೆಯೇ ನೋಡಿ. ಇ-ಚಲನ್ ಬಾಕಿಯನ್ನು ಬೇರೆಯಾಗಿ ನೋಡಬೇಕು. ಸಾಲ ತೀರಿದೆ ಎಂಬ ಬಾಯಿಮಾತು ಸಾಲದು. ಬ್ಯಾಂಕಿನ ಪತ್ರ ಮತ್ತು ಫಾರ್ಮ್ 35 ಬೇಕು. ಹಳೆ ಗಾಡಿಯ ಆರ್‌ಸಿಯಲ್ಲಿ ಎಂದೋ ಬಾಗಿಲು ಮುಚ್ಚಿದ ಫೈನಾನ್ಸ್ ಕಂಪೆನಿಯ ಹೆಸರು ಉಳಿದಿದ್ದರೆ ಅದನ್ನು ತೆಗೆಸುವ ಕೆಲಸ ಮಾರುವವನದ್ದು. ಅದನ್ನು ನೀವು ಮೈಮೇಲೆ ಎಳೆದುಕೊಳ್ಳಬೇಡಿ.

ಎರಡು: ಚಾಸಿಸ್ ನಂಬರನ್ನು ನೀವೇ ಬಗ್ಗಿ, ಒರೆಸಿ, ಆರ್‌ಸಿಯ ಜೊತೆ ಅಕ್ಷರ ಅಕ್ಷರ ತಾಳೆ ನೋಡಿ. ಎಂಜಿನ್ ನಂಬರೂ ಹಾಗೆಯೇ. ಕಾಂಟೆಸ್ಸಾಕ್ಕೆ ಜಪಾನಿನ ಬೇರೆ ಎಂಜಿನ್ ಕೂರಿಸಿದ್ದನ್ನು ಹೆಮ್ಮೆಯಿಂದ ತೋರಿಸುವವರಿದ್ದಾರೆ. ಅದು ಆರ್‌ಸಿಗೆ ಏರದಿದ್ದರೆ ಬ್ರೇಕ್ ಇನ್‌ಸ್ಪೆಕ್ಟರ ಮುಂದೆ ತಲೆತಗ್ಗಿಸಬೇಕಾದವರು ನೀವು. ಕಂಪೆನಿಯ ಮೂಲ ವಿನ್ಯಾಸಕ್ಕೆ ಹೊರತಾದ ಮಾರ್ಪಾಡು ಸಲ್ಲದು ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಪ್ರಕರಣ ಹೋದದ್ದೇ ಕೇರಳದಿಂದ.

ಮೂರು: ಆರ್‌ಸಿಯ ಅವಧಿ ಮುಗಿದಿದ್ದರೆ ಮಾರುವವನೇ ಅವನ ಊರಿನಲ್ಲಿ ನವೀಕರಿಸಿ ಕೊಡಲಿ. “ಇಲ್ಲಿ ತಂದು ರೀಟೆಸ್ಟ್ ಮಾಡಿಸಬಹುದು” ಎಂಬ ಮಾತಿಗೆ ಮರುಳಾಗಬೇಡಿ. ಅವಧಿ ಮುಗಿದ ಆರ್‌ಸಿಯ ಗಾಡಿಯನ್ನು ತಲಪಾಡಿ ಗಡಿ ದಾಟಿಸಿ ತರುವುದೇ ತಪ್ಪು. ಮೊದಲ ಸಲ ಸಿಕ್ಕಿಬಿದ್ದರೆ ದಂಡ 5,000 ರೂಪಾಯಿವರೆಗೆ ಹೋಗುತ್ತದೆ. ಖರ್ಚನ್ನೂ ಮೊದಲೇ ಲೆಕ್ಕ ಹಾಕಿ: 2025ರ ಆಗಸ್ಟಿನಲ್ಲಿ ಬಂದ ಕೇಂದ್ರದ ನಿಯಮದಂತೆ 20 ವರ್ಷ ದಾಟಿದ ಕಾರಿನ ನವೀಕರಣ ಶುಲ್ಕ 10,000 ರೂಪಾಯಿ, ವಿದೇಶದಿಂದ ತರಿಸಿದ ಕಾರಾದರೆ 80,000.

ನಾಲ್ಕು: ಗಡಿಯಾಚೆಯ ಗಾಡಿಗೆ ಎನ್‌ಒಸಿ, ಅಂದರೆ ಫಾರ್ಮ್ 28, ಬೇಕು. ಅರ್ಜಿ ಕೊಟ್ಟು 30 ದಿನದೊಳಗೆ ಕಾರಣ ಕೊಟ್ಟು ತಿರಸ್ಕರಿಸದಿದ್ದರೆ ಎನ್‌ಒಸಿ ಕೊಟ್ಟಂತೆಯೇ ಎಂದು ಮೋಟಾರು ವಾಹನ ಕಾಯ್ದೆ ಹೇಳುತ್ತದೆ. ಕೇಳಲಿಕ್ಕೆ ಚೆಂದ. ‘ಕೊಟ್ಟಂತೆ’ ಎಂಬುದು ಕಂಪ್ಯೂಟರಿಗೆ ಗೊತ್ತಾಗಬೇಕಲ್ಲ! ಆ ಕಚೇರಿಯವರು ಗುಂಡಿ ಒತ್ತದೆ ಈ ಕಚೇರಿಯ ಪರದೆ ತೆರೆಯುವುದಿಲ್ಲ. ಆದ್ದರಿಂದ ಎನ್‌ಒಸಿ ಕೈಗೆ ಬಂದ ಮೇಲೆಯೇ ಬಾಕಿ ಹಣ ಕೊಡುವುದು ಎಂದು ಅಗ್ರಿಮೆಂಟಿನಲ್ಲಿ ಬರೆಸಿ. ದೊಡ್ಡ ಮೊತ್ತವನ್ನು ಬ್ಯಾಂಕಿನ ಮೂಲಕ, ಆರ್‌ಸಿ ಯಜಮಾನನ ಖಾತೆಗೇ ಹಾಕಿ; ಬ್ರೋಕರನ ಖಾತೆಗಲ್ಲ.

ಐದು: ಕೊಂಡ 30 ದಿನದೊಳಗೆ ಹೆಸರು ಬದಲಾವಣೆಗೆ ಅರ್ಜಿ, 14 ದಿನದೊಳಗೆ ಇನ್ಶೂರೆನ್ಸ್ ಕಂಪೆನಿಗೆ ತಿಳಿವಳಿಕೆ. “ಬೇರೆ ರಾಜ್ಯದ ನಂಬರಿಗೆ 12 ತಿಂಗಳು ಟೈಮ್ ಉಂಟು” ಎನ್ನುತ್ತಾರೆ. ಆ ಸಮಯ ಕೆಎ ನಂಬರ್ ಹೋಗಿ ಕೆಎಲ್-14 ಆಗುವುದಕ್ಕೆ ಮಾತ್ರ. ಹೆಸರಿಗೂ ಇಲ್ಲ, ಕೇರಳದ ತೆರಿಗೆಗೂ ಇಲ್ಲ. ತೆರಿಗೆಯೂ ಹಗುರವಲ್ಲ: 2025ರ ಏಪ್ರಿಲಿನಿಂದ 15 ವರ್ಷ ದಾಟಿದ, 750ರಿಂದ 1,500 ಕಿಲೋ ತೂಕದ ಕಾರಿಗೆ ಐದು ವರ್ಷಕ್ಕೆ 12,900 ರೂಪಾಯಿ. ಹಸಿರು ತೆರಿಗೆ ಇದಲ್ಲದೆ ಬೇರೆ.

ವಿಂಟೇಜ್ ನಂಬರಿನ ಆಸೆ

50 ವರ್ಷ ದಾಟಿದ, ಮೂಲ ಸ್ವರೂಪ ಉಳಿಸಿಕೊಂಡ ಗಾಡಿಗೆ 2021ರಿಂದ ‘ವಿಎ’ ಎಂಬ ಪ್ರತ್ಯೇಕ ನೋಂದಣಿ ಇದೆ. ಹೊಸ ನೋಂದಣಿಗೆ 20,000 ರೂಪಾಯಿ, ಅವಧಿ ಹತ್ತು ವರ್ಷ. ಸ್ಟ್ಯಾಂಡರ್ಡ್ ಹೆರಾಲ್ಡ್‌ನಂಥ ಕಾರು ಸಿಕ್ಕಿದವರಿಗೆ ಏಜೆಂಟರು ಇದರ ಆಸೆ ಹುಟ್ಟಿಸುತ್ತಾರೆ. ಆದರೆ ಈ ನಂಬರಿನ ಗಾಡಿಯನ್ನು ಪ್ರದರ್ಶನಕ್ಕೆ, ವಿಂಟೇಜ್ ರ್‍ಯಾಲಿಗೆ, ಪೆಟ್ರೋಲ್ ಹಾಕಿಸಲಿಕ್ಕೆ, ರಿಪೇರಿಗೆ, ಇಂಥ ಕೆಲವೇ ಕೆಲಸಗಳಿಗೆ ಮಾತ್ರ ರಸ್ತೆಗೆ ಇಳಿಸಬಹುದು. ದಿನಾ ಕೆಲಸಕ್ಕೆ ಒಯ್ಯುವ ಹಾಗಿಲ್ಲ. ಹಳೆ ಆರ್‌ಸಿ ಜೀವಂತ ಇದ್ದರೆ ಅದನ್ನೇ ಐದು ವರ್ಷಕ್ಕೊಮ್ಮೆ ನವೀಕರಿಸಿಕೊಂಡು ಹೋಗುವುದು ಮೇಲು. ಕಾಂಟೆಸ್ಸಾಕ್ಕೆ ವಿಂಟೇಜ್ ಮಾಡಿಸಿಕೊಡುತ್ತೇನೆ ಎಂದವನನ್ನಂತೂ ನಂಬಲೇಬೇಡಿ; ಮೊತ್ತಮೊದಲ ಕಾಂಟೆಸ್ಸಾಕ್ಕೂ 50 ತುಂಬುವುದು 2034ಕ್ಕೆ.

ಅಗ್ಗ ಯಾಕೆ ಎಂದು ಕೇಳಿ

ದೆಹಲಿಯಲ್ಲಿ 10 ವರ್ಷ ದಾಟಿದ ಡೀಸೆಲ್, 15 ವರ್ಷ ದಾಟಿದ ಪೆಟ್ರೋಲ್ ಗಾಡಿಗಳ ಮೇಲೆ ವರ್ಷಗಳಿಂದ ನಿರ್ಬಂಧದ ಕತ್ತಿ ತೂಗುತ್ತಿದೆ. ಅಲ್ಲಿಯ ಗಾಡಿ ಇಲ್ಲಿ ಅಗ್ಗಕ್ಕೆ ಸಿಗುವುದು ಅದಕ್ಕೇ. ಅಲ್ಲಿ ನೋಂದಣಿ ರದ್ದಾಗಿದ್ದರೆ ನೀವು ಕೊಳ್ಳುವುದು ಗುಜರಿ ಮಾತ್ರ. ಇನ್ನೂ ದೂರದಿಂದ ಬಂದ ಗಾಡಿಯ ಕತೆ 2025ರ ಸೆಪ್ಟೆಂಬರಿನಲ್ಲಿ ಎಲ್ಲರೂ ಕೇಳಿದ್ದೀರಿ. ಭೂತಾನಿನಿಂದ ಸುಂಕ ತಪ್ಪಿಸಿ ತಂದು ನಕಲಿ ಕಾಗದದ ಮೇಲೆ ನೋಂದಾಯಿಸಿದ್ದೆಂದು ಶಂಕಿಸಿ ಕಸ್ಟಮ್ಸ್‌ನವರು ‘ಆಪರೇಶನ್ ನುಂಖೋರ್’ ಹೆಸರಿನಲ್ಲಿ ಕೇರಳದಾದ್ಯಂತ ಗಾಡಿಗಳನ್ನು ಹಿಡಿದರು. ಸಿನಿಮಾ ನಟರ ಮನೆಗಳನ್ನೂ ಬಿಡಲಿಲ್ಲ. ಅಲ್ಲೂ ಕೇಳಿದ ಪ್ರಶ್ನೆ ಒಂದೇ: ಮೊದಲ ಯಜಮಾನ ಯಾರು?

ಬ್ರೋಕರನಿಗೂ ಒಂದು ಪ್ರಶ್ನೆ ಇರಲಿ. ಹಳೆ ಗಾಡಿಯ ವ್ಯಾಪಾರಿಗಳು ಆರ್‌ಟಿಒದಿಂದ ಅಧಿಕೃತ ಪತ್ರ ಪಡೆಯಬೇಕು, ಗಾಡಿ ತಮ್ಮ ಕೈಗೆ ಬಂದದ್ದನ್ನು ಫಾರ್ಮ್ 29ಸಿಯಲ್ಲಿ ದಾಖಲಿಸಬೇಕು ಎಂಬ ನಿಯಮ 2023ರ ಏಪ್ರಿಲಿನಿಂದ ಇದೆ. “ನಿಮ್ಮಲ್ಲಿ ಆ ಪತ್ರ ಇದೆಯೇ?” ಎಂದು ಕೇಳಿ, ಮುಖ ನೋಡಿ.

ಕಚೇರಿಗೆ ಹೆದರಬೇಡಿ

ಜನ ಏಜೆಂಟನಿಗೆ ಸಾವಿರಗಟ್ಟಲೆ ಕೊಡುವುದು ಕೆಲಸ ಕಷ್ಟವೆಂದಲ್ಲ, ಕೌಂಟರಿನ ಎದುರು ನಿಂತು ಬೈಸಿಕೊಳ್ಳಲು ಹೆದರಿ. ಹೆಸರು ಬದಲಾವಣೆಯ ಸರ್ಕಾರಿ ಶುಲ್ಕ ನೂರುಗಳ ಲೆಕ್ಕದಲ್ಲಿದೆ. ಎಷ್ಟೆಂದು ಪೋರ್ಟಲೇ ತೋರಿಸುತ್ತದೆ. “ನಾಳೆ ಬನ್ನಿ” ಎಂದರೆ ಬಾಯಿಮಾತು ಬೇಡ, ಕೊರತೆ ಏನೆಂದು ಬರೆದುಕೊಡಿ ಎನ್ನಿ. ಬರೆದುಕೊಡಿ ಎಂದ ಕೂಡಲೇ ಎಷ್ಟೋ ಕೊರತೆಗಳು ಮಾಯವಾಗುತ್ತವೆ! ಆಗದಿದ್ದರೆ ಹತ್ತು ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಹಾಕಿ. 30 ದಿನದಲ್ಲಿ ಉತ್ತರ ಕೊಡಲೇಬೇಕು. ಮಲಯಾಳ ಬರೆಯಲು ಬಾರದು ಎಂಬ ಅಳುಕೂ ಬೇಡ. ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸರ್ಕಾರಿ ಕಚೇರಿಗಳಿಗೆ ಕನ್ನಡದಲ್ಲೇ ಬರೆಯುವ, ಕನ್ನಡದಲ್ಲೇ ಉತ್ತರ ಪಡೆಯುವ ಅವಕಾಶ 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯಲ್ಲೇ ಇದೆ. ಬಳಸದ ಹಕ್ಕನ್ನು ಯಾವ ಗುಮಾಸ್ತನೂ ನೆನಪಿಸಿ ಕೊಡುವುದಿಲ್ಲ.

ಈಗಾಗಲೇ ಕೊಂಡಾಗಿದ್ದರೆ

ಆರ್‌ಸಿ ಯಜಮಾನ ಬದುಕಿದ್ದರೆ ಇವತ್ತೇ ಹುಡುಕಿಕೊಂಡು ಹೋಗಿ. ತೀರಿಹೋಗಿದ್ದರೆ ಅವರ ಮನೆಯವರನ್ನು ಹುಡುಕಿ. ಮರಣ ಪ್ರಮಾಣಪತ್ರ, ವಾರಸುದಾರರ ದಾಖಲೆ ಮತ್ತು ಉಳಿದ ವಾರಸುದಾರರ ಒಪ್ಪಿಗೆಯೊಂದಿಗೆ ಫಾರ್ಮ್ 31 ಕೊಟ್ಟು ಮೊದಲು ಒಬ್ಬ ವಾರಸುದಾರರ ಹೆಸರಿಗೆ, ಆಮೇಲೆ ಅವರಿಂದ ನಿಮ್ಮ ಹೆಸರಿಗೆ ಮಾಡಿಸಬೇಕು. ಯಜಮಾನ ತೀರಿಕೊಂಡ ಮೂರು ತಿಂಗಳೊಳಗೆ ಆಗಬೇಕಿದ್ದ ಕೆಲಸ ಇದು. ತಡವಾದದ್ದಕ್ಕೆ ದಂಡ ಬಿದ್ದೀತು, ಕಟ್ಟಿ. ಮಕ್ಕಳಲ್ಲಿ ಒಬ್ಬರು ವಿದೇಶದಲ್ಲಿದ್ದು ಸಹಿ ಕೊಡದಿದ್ದರೆ ಅಲ್ಲಿಗೇ ನಿಲ್ಲುತ್ತದೆ. ಆಗ ಕೋರ್ಟಿನ ದಾರಿ.

ವ್ಯಾಪಾರಿಯಿಂದ ಕೊಂಡದ್ದಾದರೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ನೆರೆಮನೆಯವನಿಂದ ಖಾಸಗಿಯಾಗಿ ಕೊಂಡದ್ದಾದರೆ ಆ ಬಾಗಿಲು ಮುಚ್ಚಿದೆ, ಸಿವಿಲ್ ದಾವೆಯೇ ಗತಿ. ವಕೀಲರಿಗೆ ಕೊಡಲು ಹಣವಿಲ್ಲದವರು ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಅಥವಾ 15100ಕ್ಕೆ ಫೋನ್ ಮಾಡಿ.

ಇಷ್ಟೆಲ್ಲ ಯಾಕೆ, ಖಾಲಿ ಫಾರ್ಮು ಕೈಯಲ್ಲೇ ಇದೆಯಲ್ಲ, ಒಂದು ತಾರೀಕು ತುಂಬಿ ಕೊಟ್ಟರಾಯಿತು ಎಂದು ಯಾರಾದರೂ ಉಪದೇಶ ಮಾಡಿಯಾರು. ಆ ಪೆನ್ನು ಮುಟ್ಟಬೇಡಿ. ಇಲ್ಲಿಯವರೆಗೆ ನೀವು ಮೋಸ ಹೋದವರು. ತಾರೀಕು ತುಂಬಿದ ದಿನದಿಂದ ನಕಲಿ ದಾಖಲೆಯ ಕೇಸಿನಲ್ಲಿ ಆರೋಪಿ, ಮತ್ತು ಆ ಕೇಸಿನಲ್ಲಿ ಬ್ರೋಕರ್ ನಿಮ್ಮ ವಿರುದ್ಧದ ಸಾಕ್ಷಿ.