ದುಡ್ಡಿಗಾಗಿ ಹೋರಾಡಿದವರು ಕಾಲೇಜಿನ ಗುರುವಾದದ್ದು

ನಮ್ಮ ಕಡೆ ಕಂಬಳ ಉಂಟು, ಕಬಡ್ಡಿ ಉಂಟು, ಕೋಳಿ ಅಂಕವೂ ಉಂಟು. ಬಾಕ್ಸಿಂಗ್ ಮಾತ್ರ ನಮ್ಮಲ್ಲಿ ಹೆಚ್ಚಿನವರಿಗೆ ಟಿ.ವಿ.ಯಲ್ಲಿ ಕಂಡ ಆಟ. ಕೈಗೆ ದಪ್ಪ ಗ್ಲೌಸ್ ಹಾಕಿ, ಹಗ್ಗ ಕಟ್ಟಿದ ಚೌಕದೊಳಗೆ ಇಬ್ಬರು ಮಾಡುವ ಮುಷ್ಟಿಯುದ್ಧ ಅದು. ಸೊಂಟದ ಕೆಳಗೆ ಹೊಡೆಯುವಂತಿಲ್ಲ. ಇದರಲ್ಲಿ ಹಣಕ್ಕಾಗಿ ಹೋರಾಡುವವರು ಬೇರೆ, ಪದಕಕ್ಕಾಗಿ ಆಡುವವರು ಬೇರೆ. ಎರಡೂ ಕಡೆ ಬಾಳಿದವರು ಅಮೆರಿಕದ ಲಿಯೋ ಹೌಕ್.

ಅವರು ಹುಟ್ಟಿದ್ದು 1888ರಲ್ಲಿ, ಪೆನ್ಸಿಲ್ವೇನಿಯಾ ರಾಜ್ಯದ ಲ್ಯಾಂಕಾಸ್ಟರ್ ಊರಲ್ಲಿ. ಹದಿಹರೆಯದಲ್ಲೇ ದುಡ್ಡಿಗಾಗಿ ರಿಂಗ್ ಹತ್ತಿದರು. ಸುಮಾರು 200 ಪಂದ್ಯ ಆಡಿದರು. ಒಂದೆರಡಲ್ಲ ಮಾರಾಯ್ರೆ, ಇನ್ನೂರು! ಚಿಕ್ಕ ತೂಕದ ಹುಡುಗನಾಗಿ ಶುರು ಮಾಡಿ, ಕೊನೆಗೆ ತನಗಿಂತ ಭಾರದವರ ಎದುರೂ ನಿಂತರು. 1920ರಲ್ಲಿ ಜೀನ್ ಟನಿ ಎಂಬವರೊಡನೆ ಎರಡು ಸಲ ಹೋರಾಡಿದರು. ಅದೇ ಟನಿ 1926ರಲ್ಲಿ ಜ್ಯಾಕ್ ಡೆಂಪ್ಸಿಯವರನ್ನು ಸೋಲಿಸಿ ವಿಶ್ವ ಹೆವಿವೇಟ್ ಚಾಂಪಿಯನ್ ಆದರು.

ಆ ಕಾಲದ ಒಂದು ತಮಾಷೆ ಕೇಳಿ. ಫಿಲಡೆಲ್ಫಿಯಾದಲ್ಲಿ ಪಂದ್ಯಕ್ಕೆ ಆರೇ ಸುತ್ತು, ಅದೂ ತೀರ್ಪಿಲ್ಲದೆ. ಯಾರೂ ಬಿದ್ದು ಸೋಲದಿದ್ದರೆ ಗೆದ್ದವರು ಯಾರೆಂದು ಹೇಳುವ ಹಾಗೇ ಇಲ್ಲ. ಬಾಜಿ ಕಟ್ಟಿದವರು ಮರುದಿನದ ಪೇಪರಿಗೆ ಕಾಯಬೇಕು! ಹಾಗಾಗಿ ಹಳೆಯ ಬಾಕ್ಸರುಗಳ ದಾಖಲೆಯಲ್ಲಿ ಇಂದಿಗೂ 'ಪತ್ರಿಕೆಯ ತೀರ್ಪು' ಎಂಬ ಕಾಲಂ ಇರುತ್ತದೆ.

1920ರ ದಶಕದ ಆರಂಭದಲ್ಲಿ ಹೌಕ್ ಪೆನ್ ಸ್ಟೇಟ್ ಕಾಲೇಜಿನ ಬಾಕ್ಸಿಂಗ್ ಕೋಚ್ ಆದರು. 1949ರವರೆಗೆ ಅಲ್ಲೇ ಇದ್ದರು. ಕಾಲು ಶತಮಾನಕ್ಕೂ ಹೆಚ್ಚು ಕಾಲ, ಒಂದೇ ಕಾಲೇಜು! ಕಾಲೇಜಿನ ಬಾಕ್ಸಿಂಗ್ ಬೇರೆಯೇ ರೀತಿಯದು. ಎರಡೆರಡು ನಿಮಿಷದ ಮೂರೇ ಸುತ್ತು. ಆಟ ನಡೆಯುವಾಗ ನೋಡುವವರು ಬೊಬ್ಬೆ ಹಾಕುವಂತಿರಲಿಲ್ಲ, ಗಂಟೆ ಬಾರಿಸಿದ ಮೇಲೆಯೇ ಚಪ್ಪಾಳೆ. ನಮ್ಮ ಕಬಡ್ಡಿಗೆ ಈ ನಿಯಮ ತಂದರೆ ಅರ್ಧ ಜನ ಮನೆಗೆ ಹೋದಾರು. 1932ರಲ್ಲಿ ಅಮೆರಿಕದ ಕಾಲೇಜುಗಳ ಮೊದಲ ರಾಷ್ಟ್ರೀಯ ಬಾಕ್ಸಿಂಗ್ ಕೂಟ ನಡೆದದ್ದು ಹೌಕ್ ಅವರ ಕಾಲೇಜಿನಲ್ಲೇ.

ಕಾಲೇಜಿನ ಕೋಚ್ ಅಂದರೆ ಎಷ್ಟು ಮುಖ್ಯ ಅಂತ ನಮಗೆ ಉಜಿರೆಯನ್ನು ನೋಡಿದರೆ ಗೊತ್ತಾಗುತ್ತದೆ. ಕುಂದಾಪುರ ಕಡೆಯ ಗುರುರಾಜ ಪೂಜಾರಿಯವರಿಗೆ ಕುಸ್ತಿಪಟು ಆಗುವ ಆಸೆ ಇತ್ತು. 2010ರಲ್ಲಿ ಉಜಿರೆಯ ಎಸ್.ಡಿ.ಎಂ. ಕಾಲೇಜಿಗೆ ಬಂದಾಗ ಅಲ್ಲಿನ ಕೋಚ್ ಅವರನ್ನು ಭಾರ ಎತ್ತುವ ಕಡೆಗೆ ತಿರುಗಿಸಿದರು. 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಅವರು 249 ಕಿಲೋ ಎತ್ತಿ ಬೆಳ್ಳಿ ತಂದರು.

ಭಾರ ಎತ್ತುವಾಗ ಎದುರಾಳಿ ಕಬ್ಬಿಣ. ಬಾಕ್ಸಿಂಗಿನಲ್ಲಿ ಎದುರಿಗಿರುವುದು ಮನುಷ್ಯ, ಅವನ ಗುರಿ ನಮ್ಮ ತಲೆ. ಪೆಟ್ಟು ಬಿದ್ದಾಗ ಬುರುಡೆಯ ಒಳಗೆ ಮಿದುಳು ಅಲುಗಾಡುತ್ತದೆ, ರಕ್ತನಾಳ ಹರಿಯಬಹುದು. ಗ್ಲೌಸ್ ಎಷ್ಟು ದಪ್ಪ ಇದ್ದರೂ ಅದನ್ನು ಪೂರಾ ತಡೆಯಲಾಗದು. ಇನ್ನೂರು ಪಂದ್ಯದ ಪೆಟ್ಟು ತಿಂದವರಿಗೆ ಇದನ್ನು ಪುಸ್ತಕದಿಂದ ಕಲಿಯಬೇಕಾಗಿರಲಿಲ್ಲ.

1960ರ ಏಪ್ರಿಲ್ 9ರಂದು ಕಾಲೇಜುಗಳ ರಾಷ್ಟ್ರೀಯ ಫೈನಲಿನಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಚಾರ್ಲಿ ಮೋರ್ ಎಂಬ ವಿದ್ಯಾರ್ಥಿಗೆ ತಲೆಗೆ ಪೆಟ್ಟಾಯಿತು. ರೆಫರಿ ಎರಡನೇ ಸುತ್ತಿನಲ್ಲೇ ಆಟ ನಿಲ್ಲಿಸಿದರು. ಹುಡುಗ ನಡೆದುಕೊಂಡೇ ಒಳಗೆ ಹೋದ, ಅಲ್ಲಿ ಕುಸಿದ. ಎಂಟು ದಿನಗಳ ನಂತರ ತೀರಿಕೊಂಡ. 1932ರಲ್ಲಿ ಶುರುವಾದ ಆ ಕೂಟ ಮತ್ತೆ ನಡೆಯಲಿಲ್ಲ. ಹೌಕ್ ಇದನ್ನು ನೋಡಲಿಲ್ಲ. ಅವರು 1950ರ ಜನವರಿಯಲ್ಲೇ ತೀರಿಕೊಂಡಿದ್ದರು.