ಅಜ್ಜನ ಗಾಳಿ ಲೆಕ್ಕ: ಮೀನುಗಾರ ಮನೆಗಳ ಅರಿವು ವಿಜ್ಞಾನ ಪಾಠದಲ್ಲಿ

ಕುಂದಾಪುರ ಕರಾವಳಿಯ ಒಂದು ಶಾಲೆಯ 7ನೇ ತರಗತಿಗೆ ‘ಕಡಲಗಾಳಿ ಮತ್ತು ನೆಲಗಾಳಿ’ ಪಾಠವನ್ನು ಎರಡು ಅವಧಿಗಳಲ್ಲಿ ಬೋಧಿಸಿದೆ. ಹೆಚ್ಚಿನ ಮಕ್ಕಳು ಮೀನುಗಾರ ಮನೆಗಳವರು. ಆದ್ದರಿಂದ ಹಿರಿಯರ ಅನುಭವವನ್ನೇ ಪೂರ್ವಜ್ಞಾನವಾಗಿ ತೆಗೆದುಕೊಂಡೆ.

ತೊಡಗಿಸಿಕೊಳ್ಳುವಿಕೆ: ಹಾಯಿ ಕಟ್ಟುತ್ತಿದ್ದ ಕಾಲದಲ್ಲಿ ದೋಣಿ ಎಷ್ಟು ಹೊತ್ತಿಗೆ ಹೊರಡುತ್ತಿತ್ತು, ಎಷ್ಟು ಹೊತ್ತಿಗೆ ಮರಳುತ್ತಿತ್ತು, ಏಕೆ ಎಂದು ಮನೆಯಲ್ಲಿ ಕೇಳಿಕೊಂಡು ಬರಲು ಹಿಂದಿನ ದಿನ ಹೇಳಿದ್ದೆ. ನಸುಕಿನಲ್ಲಿ ನೆಲದ ಕಡೆಯ ಗಾಳಿ ದೋಣಿಯನ್ನು ಹೊರಗೆ ಒಯ್ಯುತ್ತದೆ, ಮಧ್ಯಾಹ್ನದ ಮೇಲೆ ಕಡಲ ಕಡೆಯ ಗಾಳಿ ದಡಕ್ಕೆ ತರುತ್ತದೆ ಎಂಬ ಉತ್ತರ ಬಂತು. ಹೇಳಿದವರು ಹೆಚ್ಚಾಗಿ ಅಜ್ಜಂದಿರು. ಎಂಜಿನ್ ಬಂದ ಮೇಲೆ ದುಡಿಯಲು ಇಳಿದ ಅಪ್ಪಂದಿರಿಗೆ ಈ ಲೆಕ್ಕ ಅಷ್ಟಾಗಿ ಬೇಕಾಗಿರಲಿಲ್ಲ. ಪೂರ್ತಿ ಉತ್ತರ ತಂದವಳು ಒಬ್ಬ ಹುಡುಗಿ. ದಡದಲ್ಲಿ ಮೀನು ಒಣಗಿಸುವ ಅವಳ ಅಜ್ಜಿಗೆ ಗಾಳಿ ತಿರುಗುವ ಹೊತ್ತು ಗೊತ್ತಿತ್ತು.

ಪರಿಶೋಧನೆ: ಒಂದೇ ಅಳತೆಯ ಎರಡು ಪಾತ್ರೆಗಳಲ್ಲಿ ಒಣ ಮರಳು ಮತ್ತು ನೀರು ತುಂಬಿ ಬಿಸಿಲಿನಲ್ಲಿಟ್ಟೆವು. ಪ್ರತಿ 5 ನಿಮಿಷಕ್ಕೊಮ್ಮೆ ಉಷ್ಣತೆ ಬರೆದುಕೊಂಡ ಮಕ್ಕಳು, ಬಳಿಕ ನೆರಳಿಗೆ ತಂದು ಮತ್ತೆ ಅಳೆದರು. ಮರಳು ಬೇಗ ಕಾಯಿತು, ಬೇಗ ತಣಿಯಿತು.

ವಿವರಣೆ: ಹಗಲು ಕಾದ ನೆಲದ ಮೇಲಿನ ಗಾಳಿ ಹಗುರವಾಗಿ ಮೇಲೇರುತ್ತದೆ, ಆ ಜಾಗಕ್ಕೆ ಕಡಲ ಮೇಲಿನ ತಂಪು ಗಾಳಿ ನುಗ್ಗುತ್ತದೆ. ರಾತ್ರಿ ಇದು ತಿರುವುಮುರುವು. ಅಜ್ಜನ ‘ಯಾವಾಗ’ಕ್ಕೆ ಮಕ್ಕಳು ‘ಏಕೆ’ ಸೇರಿಸಿದರು.

ವಿಸ್ತರಣೆ: “ಮಳೆಗಾಲದಲ್ಲಿ ಈ ಲೆಕ್ಕ ನಡೆಯುದಿಲ್ಲ ಅಂದ್ರು ಅಜ್ಜ” ಎಂದು ಒಬ್ಬ ಹೇಳಿದ. ಕಪ್ಪುಹಲಗೆಯ ಮೇಲೆ ನಾನು ಬರೆದ ಚಿತ್ರದಲ್ಲಿ ಈ ಮಾತು ಇರಲಿಲ್ಲ. ನೈಋತ್ಯ ಮಾರುತ ಬಲವಾಗಿ ಬೀಸುವಾಗ ದಿನದ ಗಾಳಿಯ ಈ ಅದಲುಬದಲು ಅದರಡಿ ಅಡಗಿಹೋಗುತ್ತದೆ. ಇಲ್ಲಿಂದ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳಿಗಿರುವ 61 ದಿನಗಳ ಮೀನುಗಾರಿಕೆ ನಿಷೇಧಕ್ಕೆ ಚರ್ಚೆ ಸಾಗಿತು. ಮೀನಿನ ಸಂತಾನ, ಮನುಷ್ಯನ ಜೀವ, ಎರಡರ ರಕ್ಷಣೆಯೂ ಅದರಲ್ಲಿದೆ.

ಮೌಲ್ಯಮಾಪನ: ಹಿರಿಯರ ಒಂದು ಹೇಳಿಕೆ, ಅದರ ಕಾರಣ, ಅದು ಅನ್ವಯಿಸದ ಸಂದರ್ಭ — ಈ ಮೂರನ್ನು ಬರೆಯಲು ಹೇಳಿದೆ. ಮೂರನೆಯದೇ ಮಕ್ಕಳಿಗೆ ಕಷ್ಟವಾಯಿತು. ಮುಂದಿನ ಪಾಠದಲ್ಲಿ ಅದಕ್ಕೆ ಹೆಚ್ಚು ಸಮಯ ಬೇಕು.

ಪ್ರತಿಫಲನ: “ಸರ್, ಅಪ್ಪಯ್ಯ ನನ್ನನ್ನು ದೋಣಿಗೆ ಕರ್ಕೊಂಡು ಹೋಗುದಿಲ್ಲ, ಓದು ಅಂತ್ರು. ಮತ್ತೆ ಇದು ನಂಗೆ ಎಂತಕ್ಕೆ?” ಎಂದು ಒಬ್ಬ ವಿದ್ಯಾರ್ಥಿ ಕೇಳಿದ. ಮಗನನ್ನು ಅಪಾಯದಿಂದ ದೂರವಿಡುವುದು ಆ ತಂದೆಯ ಕರ್ತವ್ಯವೇ. ದೋಣಿಗೆ ಹೋಗಲೇಬೇಕು ಎನ್ನುವ ಹಕ್ಕು ಶಿಕ್ಷಕರಿಗಿಲ್ಲ. ಆದರೆ ಕಸುಬು ಬಿಟ್ಟ ಮನೆಯಲ್ಲಿ ಕಸುಬಿನ ಅರಿವೂ ಅಜ್ಜನೊಂದಿಗೇ ಮುಗಿಯಬೇಕಾಗಿಲ್ಲ. ಕೇಳಿ, ಅಳೆದು, ಬರೆದಿಟ್ಟವನೂ ವಾರಸುದಾರನೇ. ಆ ಹುಡುಗನಿಗೆ ಹೇಳಿದ್ದು ಇಷ್ಟೇ: “ನಿನ್ನ ಅಜ್ಜನಿಗೆ ಗೊತ್ತಿರುವುದನ್ನು ಬರೆದಿಡು. ಅದು ನಮ್ಮ ಪುಸ್ತಕದಲ್ಲಿಲ್ಲ.” ಘಟಕ ಮುಗಿಯುವ ಹೊತ್ತಿಗೆ ಅವನ ಟಿಪ್ಪಣಿ ಪುಸ್ತಕದಲ್ಲಿ ಗಾಳಿಯ ಜೊತೆ ಭರತ-ಇಳಿತದ ಲೆಕ್ಕವೂ ಸೇರಿತ್ತು.