ಕೊರೊನಾ ಸೋಂಕು: ಗುರುತಿಸುವುದು ಹೇಗೆ? ಖಚಿತಪಡಿಸಿಕೊಳ್ಳುವುದು ಹೇಗೆ?

ಕೋವಿಡ್-19 ರೋಗವನ್ನು ಉಂಟುಮಾಡುವ ಕೊರೊನಾ ವೈರಾಣು 2019ರ ಕೊನೆಯಲ್ಲಿ ಚೀನಾದ ವೂಹಾನ್ ನಗರದಲ್ಲಿ ಮೊದಲು ಕಂಡುಬಂದಿತು. ಭಾರತದ ಮೊದಲ ಪ್ರಕರಣ 2020ರ ಜನವರಿ 30ರಂದು ಕೇರಳದಲ್ಲಿ ದೃಢಪಟ್ಟಿತು. ಜಾಗತಿಕ ತುರ್ತುಸ್ಥಿತಿ ಮುಗಿದಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆಯು 2023ರ ಮೇ 5ರಂದು ಸಾರಿದರೂ ವೈರಾಣು ನಮ್ಮ ನಡುವಿನಿಂದ ಮರೆಯಾಗಿಲ್ಲ. ಆದುದರಿಂದ ಅದನ್ನು ಗುರುತಿಸುವ ಕ್ರಮವನ್ನು ಎಲ್ಲರೂ ಅರಿತಿರುವುದು ಅಗತ್ಯ.

ಲಕ್ಷಣಗಳು

ಜ್ವರ, ಕೆಮ್ಮು, ನೆಗಡಿ, ಗಂಟಲುನೋವು, ಮೈಕೈನೋವು ಮತ್ತು ಆಯಾಸ ಈ ರೋಗದ ಸಾಮಾನ್ಯ ಲಕ್ಷಣಗಳು. ಕೆಲವರಿಗೆ ವಾಸನೆ ಹಾಗೂ ರುಚಿ ತಿಳಿಯದಂತಾಗುವುದುಂಟು. ಇನ್ನು ಕೆಲವರಲ್ಲಿ ಯಾವ ಲಕ್ಷಣವೂ ಕಾಣಿಸದು. ಆದರೂ ಅವರಿಂದ ಸೋಂಕು ಹರಡಬಲ್ಲದು. ಫ್ಲೂ ಜ್ವರದಲ್ಲಿಯೂ ಬಹುಪಾಲು ಇವೇ ಲಕ್ಷಣಗಳಿರುವುದರಿಂದ, ಲಕ್ಷಣಗಳು ಶಂಕೆಗೆ ಕಾರಣವಾಗಬಲ್ಲವೇ ಹೊರತು ರೋಗನಿರ್ಣಯಕ್ಕೆ ಸಾಲವು.

ಪರೀಕ್ಷೆಗಳು

ಆರ್‌ಟಿ-ಪಿಸಿಆರ್ ಪರೀಕ್ಷೆಯು ಹೆಚ್ಚು ನಂಬಲರ್ಹವಾದುದು. ಮೂಗು, ಗಂಟಲುಗಳಿಂದ ಕಡ್ಡಿಯ ಮೂಲಕ ತೆಗೆದ ಮಾದರಿಯಲ್ಲಿರುವ ವೈರಾಣುವಿನ ಆರ್‌ಎನ್‌ಎಯನ್ನು ಡಿಎನ್‌ಎ ಆಗಿ ಮಾರ್ಪಡಿಸಿ, ಪ್ರತಿಯೊಂದು ಸುತ್ತಿನಲ್ಲಿಯೂ ಅದನ್ನು ಇಮ್ಮಡಿಗೊಳಿಸಲಾಗುತ್ತದೆ. 30 ಸುತ್ತುಗಳಲ್ಲಿ ಒಂದು ತುಣುಕು ನೂರು ಕೋಟಿಗೂ ಮಿಕ್ಕಿ ಹೆಚ್ಚಬಲ್ಲದು. ಆದುದರಿಂದ ಅತ್ಯಲ್ಪ ಪ್ರಮಾಣದ ವೈರಾಣುವೂ ಪತ್ತೆಯಾಗುತ್ತದೆ. ಗುಣಮುಖರಾದ ಬಳಿಕವೂ ಕೆಲವು ವಾರಗಳವರೆಗೆ ಕೆಲವರ ಫಲಿತಾಂಶ ಪಾಸಿಟಿವ್ ಆಗಿಯೇ ಉಳಿಯುವುದಕ್ಕೆ ಇದೇ ಕಾರಣ.

ರ‍್ಯಾಪಿಡ್ ಆಂಟಿಜೆನ್ ಪರೀಕ್ಷೆಯು ವೈರಾಣುವಿನ ಪ್ರೋಟೀನನ್ನು ಗುರುತಿಸುತ್ತದೆ. ಫಲಿತಾಂಶ ಅರ್ಧ ಗಂಟೆಯೊಳಗೆ ದೊರೆಯುತ್ತದೆ. ಆದರೆ ಸೋಂಕಿನ ಆರಂಭದಲ್ಲಿ ವೈರಾಣು ಕಡಿಮೆಯಿರುವಾಗ ಅದು ಪತ್ತೆಯಾಗದೆ ಹೋಗಬಹುದು. ಲಕ್ಷಣಗಳಿದ್ದು ಈ ಪರೀಕ್ಷೆಯಲ್ಲಿ ನೆಗೆಟಿವ್ ಬಂದವರು ಸೋಂಕಿಲ್ಲವೆಂದು ನಿಶ್ಚಿಂತರಾಗದೆ, ವೈದ್ಯರ ಸಲಹೆಯಂತೆ ಆರ್‌ಟಿ-ಪಿಸಿಆರ್ ಮಾಡಿಸಿಕೊಳ್ಳಬೇಕು. ಅಲ್ಲಿಯವರೆಗೆ ಮಾಸ್ಕ್ ಧರಿಸಿ, ಮನೆಯ ವೃದ್ಧರಿಂದ ದೂರವಿರುವುದು ಒಳಿತು.

ರಕ್ತದಲ್ಲಿನ ಪ್ರತಿಕಾಯಗಳ ಪರೀಕ್ಷೆಯು ಹಿಂದೆ ತಗಲಿದ ಸೋಂಕನ್ನೋ ಲಸಿಕೆಯ ಪರಿಣಾಮವನ್ನೋ ಸೂಚಿಸಬಲ್ಲದು. ಈಗಿನ ಸೋಂಕನ್ನು ನಿರ್ಣಯಿಸಲು ಅದನ್ನು ಅವಲಂಬಿಸುವಂತಿಲ್ಲ.

ಅಪಾಯದ ಸೂಚನೆಗಳು

ಉಸಿರಾಟದ ತೊಂದರೆ, ಎದೆಯಲ್ಲಿ ನಿಲ್ಲದ ನೋವು ಅಥವಾ ಒತ್ತಡ, ಮಂಪರು, ತುಟಿ ನೀಲಿಗಟ್ಟುವುದು ಇವು ಗಂಭೀರ ಸೂಚನೆಗಳು. ಕೆಲವರಿಗೆ ಉಬ್ಬಸದ ಅರಿವಾಗುವ ಮೊದಲೇ ರಕ್ತದಲ್ಲಿನ ಆಮ್ಲಜನಕ ಕುಸಿದಿರುತ್ತದೆ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರಿನಿಂದ ಇದನ್ನು ಮನೆಯಲ್ಲಿಯೇ ಅಳೆಯಬಹುದು. ಆರೋಗ್ಯವಂತರಲ್ಲಿ ಇದು ಸಾಮಾನ್ಯವಾಗಿ ಶೇಕಡಾ 95ರಿಂದ 100ರವರೆಗೆ ಇರುತ್ತದೆ. ಅದಕ್ಕಿಂತ ಕೆಳಗಿಳಿದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ವೃದ್ಧರು, ಗರ್ಭಿಣಿಯರು, ಮಧುಮೇಹ, ಹೃದ್ರೋಗ, ಮೂತ್ರಪಿಂಡದ ಕಾಯಿಲೆಗಳುಳ್ಳವರು ವಿಶೇಷ ಎಚ್ಚರ ವಹಿಸಬೇಕು.

ಪರೀಕ್ಷೆಯ ಫಲಿತಾಂಶ ಇನ್ನೂ ಬಂದಿಲ್ಲವೆಂಬ ಕಾರಣಕ್ಕೆ ಇಂಥ ರೋಗಿಯನ್ನು ಮನೆಯಲ್ಲಿ ಉಳಿಸಿಕೊಳ್ಳಬಾರದು. ಫಲಿತಾಂಶಕ್ಕಾಗಿ ಕಾಯಬಹುದು, ಚಿಕಿತ್ಸೆಗಾಗಿ ಕಾಯುವಂತಿಲ್ಲ.